ಜೇನುನೊಣ ನಿಷಿದ್ಧ, ಜೇನುತುಪ್ಪ ಶುದ್ಧ

ಆತ್ಮೀಯರೇ,

ಯಹೂದಿಗಳ ಹೊಸ ವರ್ಷ ರೋಶ್ ಹಶಾನಾ ಬರುವುದು ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಆ ರಾತ್ರಿ ಸೇಬಿನ ಹೋಳನ್ನು ಜೇನುತುಪ್ಪದಲ್ಲಿ ಅದ್ದಿ, ವರ್ಷ ಒಳ್ಳೆಯದಾಗಲಿ, ಸಿಹಿಯಾಗಲಿ ಎಂದು ಬೇಡಿಕೊಂಡು ತಿನ್ನುತ್ತಾರೆ. ಹಲವು ಮನೆಗಳಲ್ಲಿ ಅಂದು ಹುಳಿ ಪದಾರ್ಥ ಮಾಡುವುದೇ ಇಲ್ಲ. ಇದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ಆ ಜೇನಿನ ಬಟ್ಟಲಿನೊಳಗೇ ಇರುವ ಒಂದು ತೊಡಕು.

ಅವರ ಆಹಾರ ನಿಯಮದ ಪ್ರಕಾರ ನಿಷಿದ್ಧ ಪ್ರಾಣಿಯಿಂದ ಬಂದದ್ದೂ ನಿಷಿದ್ಧ. ಒಂಟೆಯನ್ನು ತಿನ್ನುವಂತಿಲ್ಲ, ಹಾಗಾಗಿ ಅದರ ಹಾಲನ್ನೂ ಕುಡಿಯುವಂತಿಲ್ಲ. ಜೇನುನೊಣವೂ ತಿನ್ನಬಾರದ ಕೀಟ. ಮತ್ತೆ ಜೇನುತುಪ್ಪ ಹೇಗೆ ಸಲ್ಲುತ್ತದೆ? ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್‌ನ ಬೆಖೋರೋತ್ ಎಂಬ ಭಾಗ ಈ ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತದೆ. ನೊಣ ರಸವನ್ನು ಮೈಯೊಳಕ್ಕೆ ತೆಗೆದುಕೊಳ್ಳುತ್ತದೆಯೇ ಹೊರತು ತನ್ನ ಮೈಯಿಂದ ಅದನ್ನು ಸ್ರವಿಸುವುದಿಲ್ಲ ಎಂಬುದು ಅಲ್ಲಿನ ಉತ್ತರ. ಎಂದರೆ ನೊಣ ಹೊರೆ ಹೊತ್ತು ತರುವ ಆಳು, ಹಾಲು ಕೊಡುವ ಹಸುವಲ್ಲ. ಅಲ್ಲಿಯೇ ರಬ್ಬಿ, ಎಂದರೆ ಧರ್ಮಗುರು, ಯಾಕೋವ್ ಈ ಕಾರಣವನ್ನು ಹಿಡಿಯಲಿಲ್ಲ. ಧರ್ಮಗ್ರಂಥದ ವಚನವೇ ಜೇನಿಗೆ ಅನುಮತಿ ಕೊಟ್ಟಿದೆ ಎಂದರು.

ಈ ವಾದದ ರುಚಿ ಹತ್ತಬೇಕಾದರೆ ಜೇನುಪೆಟ್ಟಿಗೆಯ ಮುಂದೆ ನಿಲ್ಲಬೇಕು. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಇಸ್ರೇಲಿನ ಹಲವು ಜೇನು ಸಾಕಣೆದಾರರು ಮಕ್ಕಳಿಗೆ, ಪೋಷಕರಿಗೆ ತಮ್ಮ ತೋಟವನ್ನು ತೋರಿಸುತ್ತಾರೆ. ಮುಖಪರದೆ ತೊಟ್ಟು, ಒಂದಿಷ್ಟು ಹೊಗೆ ಊದಿ, ಮುಚ್ಚಳ ತೆಗೆದು ಒಂದು ಎರಿಯನ್ನು ಮೇಲೆತ್ತಿ ಹಿಡಿಯುತ್ತಾರೆ. ಕೆಲವು ಕೋಶಗಳು ತೆರೆದೇ ಇದ್ದು ಬಿಸಿಲಿಗೆ ಒದ್ದೆಯಾಗಿ ಮಿನುಗುತ್ತವೆ. ಪಕ್ಕದವಕ್ಕೆ ಮೇಣದ ತೆಳು ಮುಚ್ಚಳ ಬಿದ್ದಿರುತ್ತದೆ. ಮಕರಂದದಲ್ಲಿ ಬಹುಪಾಲು ನೀರು. ಹೊಟ್ಟೆಗಿಂತ ಬೇರೆಯದೇ ಆದ ಒಂದು ಚೀಲದಲ್ಲಿ ನೊಣ ಅದನ್ನು ತುಂಬಿ ತರುತ್ತದೆ. ಗೂಡಿನಲ್ಲಿ ಅದು ಬಾಯಿಂದ ಬಾಯಿಗೆ ದಾಟುತ್ತದೆ, ರೆಕ್ಕೆಗಳ ಗಾಳಿಗೆ ಆರುತ್ತದೆ. ನೀರಿನಂಶ ಶೇಕಡಾ 18ರ ಆಸುಪಾಸಿಗೆ ಇಳಿದ ಮೇಲೆಯೇ ಮೇಣದ ಮುದ್ರೆ. ನೊಣ ತನ್ನ ಕಿಣ್ವಗಳನ್ನೂ ಸೇರಿಸುತ್ತದೆ ಎಂದು ಇಂದು ತಿಳಿದಿದೆ. ಹಾಗೆ ನೋಡಿದರೆ ಅದು ಬರಿಯ ಹೊರೆಯಾಳೂ ಅಲ್ಲ. ಅದೇ ಪೆಟ್ಟಿಗೆಯ ರಾಯಲ್ ಜೆಲ್ಲಿಯ ಕತೆ ಬೇರೆ. ಅದು ನೊಣದ ತಲೆಯ ಗ್ರಂಥಿಗಳಿಂದ ಒಸರುವ ರಸ, ಆದ್ದರಿಂದ ಅನೇಕ ರಬ್ಬಿಗಳು ಅದನ್ನು ಒಪ್ಪುವುದಿಲ್ಲ. ನೊಣದ ಮೈಯಲ್ಲಿ ಯಾವುದು ಎಲ್ಲಿಂದ ಬರುತ್ತದೆ ಎಂದು ಇಷ್ಟು ಹತ್ತಿರದಿಂದ ನೋಡಿ ತೀರ್ಪು ಕೊಡುವ ಧರ್ಮಶಾಸ್ತ್ರವನ್ನು ನಾನು ತುಂಬ ಪ್ರೀತಿಯಿಂದ ಓದುತ್ತೇನೆ.

'ಹಾಲೂ ಜೇನೂ ಹರಿಯುವ ನಾಡು' ಎಂಬ ಬೈಬಲಿನ ಮಾತು ಎಲ್ಲರಿಗೂ ಪರಿಚಿತ. ಆ ನಾಡಿನ ಏಳು ಬೆಳೆಗಳ ಪಟ್ಟಿಯಲ್ಲೂ ಜೇನಿದೆ. ಅಲ್ಲಿ ಅದರ ಅರ್ಥ ಖರ್ಜೂರದ ಪಾಕ ಎಂದೇ ಪರಂಪರೆ ಹೇಳುತ್ತದೆ. ನೊಣದ ಜೇನು ಕಾಡಿನಲ್ಲಿ ಸಿಕ್ಕಿದ್ದಷ್ಟೇ, ಸಾಕಿದ್ದಲ್ಲ ಎಂದು ವಿದ್ವಾಂಸರೂ ಭಾವಿಸಿದ್ದರು. ಬೈಬಲಿನ ವೀರ ಸಂಸೋನನಿಗೆ ಅದು ಸಿಕ್ಕಿದ್ದು ಸತ್ತ ಸಿಂಹದ ಒಡಲಿನಲ್ಲಿ.

2007ರಲ್ಲಿ ಜೋರ್ಡನ್ ಕಣಿವೆಯ ತೆಲ್ ರೆಹೋವ್‌ನಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ಅಮಿಹಾಯ್ ಮಜಾರ್ ಅವರ ತಂಡ ಸುಮಾರು 3,000 ವರ್ಷ ಹಳೆಯ ಜೇನುಸಾಲೆಯನ್ನೇ ಅಗೆದು ತೆಗೆಯಿತು. ಅದಿದ್ದದ್ದು ಪಟ್ಟಣದ ನಡುವೆ, ಮನೆಗಳ ಮಗ್ಗುಲಲ್ಲಿ. ಹುಲ್ಲು ಕಲಸಿದ ಹಸಿಮಣ್ಣಿನ ಕೊಳವೆಗಳನ್ನು ಮೂರು ಅಂತಸ್ತಾಗಿ ಪೇರಿಸಿದ್ದರು. ಸುಮಾರು 80 ಸೆಂಟಿಮೀಟರ್ ಉದ್ದದ ಅಂಥ 30ರಷ್ಟು ಗೂಡುಗಳು ಸಿಕ್ಕವು. ಒಂದು ತುದಿಯಲ್ಲಿ ನೊಣ ಓಡಾಡಲು ಸಣ್ಣ ತೂತು, ಇನ್ನೊಂದು ತುದಿಯಲ್ಲಿ ಸಾಕಿದವನು ತೆಗೆಯಲು ಮಣ್ಣಿನ ಮುಚ್ಚಳ. ಅಲ್ಲಿಯ ನೊಣಗಳು ಇಂದಿನ ಟರ್ಕಿಯ ತಳಿಯನ್ನು ಹೋಲುತ್ತವೆ ಎಂದು ಮುಂದೆ ತಿಳಿಯಿತು. ಸ್ಥಳೀಯ ಸಿರಿಯನ್ ತಳಿ ಬಲು ಸಿಡುಕಿನದು. ಮನೆಗಳ ನಡುವೆ ಸಾಕಲು ಸೌಮ್ಯವಾದದ್ದನ್ನು ದೂರದಿಂದ ತರಿಸಿದ್ದರೆಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ಇದೆಲ್ಲ ಗೊತ್ತಾದದ್ದು ಆ ಜೇನುಸಾಲೆಗೆ ಬೆಂಕಿ ಬಿದ್ದಿದ್ದರಿಂದ. ಕರಕಲಾದ ಎರಿಯ ಚೂರುಗಳಲ್ಲಿ ಕೆಲಸಗಾರ ನೊಣಗಳು, ಗಂಡು ನೊಣಗಳು, ಇನ್ನೂ ರೆಕ್ಕೆ ಬಾರದ ಮರಿಗಳು ಕೋಶದೊಳಗೇ ಉಳಿದುಕೊಂಡಿದ್ದವು.