ಕಣಜದ ಗೂಡು ಮತ್ತು ಒಂದು ಪತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ನಮ್ಮ ಚರ್ಚಿನಲ್ಲಿ ಸಂಡೆ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುವ ಕೆಲಸ ಒಪ್ಪಿಕೊಂಡೆ. ಒಂದು ಭಾನುವಾರ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯ ಓದಿಸುತ್ತಿದ್ದೆ. ದೇವರು ಎಲ್ಲವನ್ನೂ ಸೃಷ್ಟಿಸಿ, ನೋಡಿ, ಒಳ್ಳೆಯದು ಎಂದ ಭಾಗ ಅದು. ಕಿಟಕಿಯ ಮೂಲೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಪೆನ್ಸಿಲಿನಿಂದ ಅದನ್ನು ಮೀಟಿದಳು, ಗೂಡು ಒಡೆಯಿತು. ಒಳಗೆ ನಾಲ್ಕೈದು ಹಸಿರು ಹುಳುಗಳು. ಸತ್ತಿರಲಿಲ್ಲ, ಆದರೆ ಓಡುವ ಶಕ್ತಿ ಇರಲಿಲ್ಲ. ಕಣಜ ಕುಟುಕಿ ಅವುಗಳ ಕಸುವು ತೆಗೆದು ತುಂಬಿಸಿಟ್ಟಿತ್ತು. ಒಂದು ಹುಳುವಿಗೆ ಅಂಟಿಕೊಂಡು ಬೆಳ್ಳಗಿನ ಮರಿ, ಜೀವಂತ ಹುಳುವನ್ನೇ ತಿನ್ನುತ್ತಿತ್ತು. ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು: "ಸರ್, ಇದನ್ನೂ ದೇವರೇ ಮಾಡಿದ್ದಾ? ಇದನ್ನು ನೋಡಿಯೂ ಒಳ್ಳೆಯದು ಅಂದನಾ?"

ನಮ್ಮ ಹಿರಿಯರೂ ಈ ಗೂಡನ್ನು ನೋಡಿದವರೇ. ಹುಳು ಒಳಗೆ ಹೋಗುತ್ತದೆ, ಕೆಲವು ದಿನ ಕಳೆದರೆ ಕಣಜ ಹೊರಗೆ ಬರುತ್ತದೆ. ಹುಳುವೇ ಕಣಜವಾಯಿತು ಎಂದು ತಿಳಿದರು. ಗುರು ಮುಟ್ಟಿ ಶಿಷ್ಯ ಗುರುವೇ ಆಗುವುದಕ್ಕೆ ಹೋಲಿಸಿದರು, ಕೀಟಭ್ರಮರ ನ್ಯಾಯ ಎಂದು ಹೆಸರಿಟ್ಟರು. ಎಷ್ಟು ಸುಂದರವಾದ ಮಾತು! ಆದರೆ ಗೂಡು ಒಡೆದು ನೋಡಿದ ಮಗುವಿಗೆ ಆ ಮಾತನ್ನು ಹೇಗೆ ಹೇಳಲಿ?

ಅದೇ ಪ್ರಶ್ನೆಯನ್ನು 1860ರ ಮೇ 22ರಂದು ಚಾರ್ಲ್ಸ್ ಡಾರ್ವಿನ್ ಒಂದು ಪತ್ರದಲ್ಲಿ ಕೇಳಿದ್ದಾರೆ. ಜೀವಿಗಳ ಉಗಮದ ಬಗ್ಗೆ ಅವರ ಪುಸ್ತಕ ಹೊರಬಂದು ಆಗ ಆರು ತಿಂಗಳು. ಕಂಬಳಿಹುಳುವಿನ ಜೀವಂತ ದೇಹದೊಳಗೆ ಮೊಟ್ಟೆಯಿಡುವ ಇನ್ನೊಂದು ಜಾತಿಯ ಕಣಜ ಅವರ ಮನಸ್ಸಿನಲ್ಲಿತ್ತು. ದಯಾಮಯನೂ ಸರ್ವಶಕ್ತನೂ ಆದ ದೇವರು ಈ ಉದ್ದೇಶಕ್ಕೆಂದೇ ಇಂಥ ಜೀವಿಯನ್ನು ಯೋಚಿಸಿ ಸೃಷ್ಟಿಸಿದ ಎಂದು ನಂಬಲು ತನ್ನ ಮನಸ್ಸು ಒಪ್ಪುವುದಿಲ್ಲ ಎಂದು ಬರೆದರು. ನಾಸ್ತಿಕತೆ ಸಾರಬೇಕೆಂಬ ಉದ್ದೇಶ ತನಗಿರಲಿಲ್ಲ ಎಂದೂ ಅದೇ ಪತ್ರದಲ್ಲಿ ಇದೆ. ಹತ್ತು ವರ್ಷದ ಮಗಳು ಆ್ಯನಿಯನ್ನು 1851ರಲ್ಲಿ ಕಳೆದುಕೊಂಡಿದ್ದ ತಂದೆ ಅವರು. ಈ ಸಾಲುಗಳನ್ನು ಓದುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಆ ಪತ್ರ ಹೋದದ್ದು ಏಸಾ ಗ್ರೇ ಅವರಿಗೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಚರ್ಚಿಗೆ ತಪ್ಪದೆ ಹೋಗುತ್ತಿದ್ದ ದೃಢ ಕ್ರೈಸ್ತರು. ವಿಕಾಸವಾದ ಮತ್ತು ಕ್ರೈಸ್ತ ನಂಬಿಕೆ ಎಂದ ಕೂಡಲೇ ಜಗಳದ ಕಥೆಗಳೇ ನಮ್ಮ ಕಿವಿಗೆ ಬೀಳುತ್ತವೆ. 1925ರಲ್ಲಿ ಅಮೆರಿಕದ ಡೇಟನ್ ಎಂಬ ಊರಿನಲ್ಲಿ ವಿಕಾಸವಾದ ಕಲಿಸಿದ್ದಕ್ಕೆ ಶಾಲಾ ಮೇಷ್ಟರೊಬ್ಬರ ಮೇಲೆ ನಡೆದ ಮೊಕದ್ದಮೆ ಎಲ್ಲರಿಗೂ ಗೊತ್ತು. ಏಸಾ ಗ್ರೇ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ನನ್ನ ಇಡೀ ವೃತ್ತಿಜೀವನದಲ್ಲಿ ಆ ಹೆಸರನ್ನು ಗಿಡಗಳ ವರ್ಗೀಕರಣದ ಪಾಠದಲ್ಲಿ ಹೇಳಿದೆನೇ ಹೊರತು, ಚರ್ಚಿನಲ್ಲಿ ಯಾರಿಗೂ ಹೇಳಲಿಲ್ಲ. ಆ ಸಂಕಟ ನನಗಿದೆ.

ತನ್ನ ಪುಸ್ತಕ ಬರುವುದಕ್ಕೆ ಎರಡು ವರ್ಷ ಮೊದಲೇ, 1857ರ ಸೆಪ್ಟೆಂಬರ್ 5ರಂದು, ಡಾರ್ವಿನ್ ನೈಸರ್ಗಿಕ ಆಯ್ಕೆಯ ಸಿದ್ಧಾಂತವನ್ನು ಸಂಕ್ಷಿಪ್ತವಾಗಿ ಬರೆದು ಕಳಿಸಿದ್ದು ಇವರಿಗೆ. ಹುಟ್ಟಿನಿಂದ ಬಂದ ಚಿಕ್ಕ ವ್ಯತ್ಯಾಸ ಬದುಕಲು ನೆರವಾದ ಜೀವಿಗಳೇ ಹೆಚ್ಚು ಉಳಿದು ಸಂತಾನ ಬೆಳೆಸುತ್ತವೆ, ಹೀಗೆ ಜಾತಿಗಳು ಬದಲಾಗುತ್ತವೆ ಎಂಬುದು ಅದರ ಸಾರ. 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದಲ್ಲಿ, ಇದೇ ಸಿದ್ಧಾಂತವನ್ನು ತಾವಾಗಿಯೇ ಕಂಡುಕೊಂಡಿದ್ದ ವ್ಯಾಲೇಸ್ ಅವರ ಪ್ರಬಂಧದ ಜೊತೆ ಓದಿದ ಬರಹಗಳಲ್ಲಿ ಈ ಪತ್ರದ ಭಾಗವೂ ಇತ್ತು. ಅಂದರೆ ಈ ಸಿದ್ಧಾಂತ ಲೋಕದ ಮುಂದೆ ಬಂದದ್ದೇ ಒಬ್ಬ ಭಕ್ತನಿಗೆ ಬರೆದ ಕಾಗದದ ಆಸರೆಯಲ್ಲಿ.

ಇಬ್ಬರ ನಡುವೆ ಸಿದ್ಧಾಂತ ಮಾತ್ರ ಓಡಾಡಲಿಲ್ಲ. ಗ್ರೇ ಕಳಿಸಿದ ಬೀಜಗಳಿಂದ ಡಾರ್ವಿನ್ ಕಾಡುಸೌತೆಯ ಬಳ್ಳಿ ಬೆಳೆಸಿದರು. ನಮ್ಮ ಹೀರೆ, ಸೌತೆ, ಪಡವಲದ ವಂಶದ್ದೇ ಅದು. ಚಪ್ಪರದ ಕಡ್ಡಿಗೆ ಸುರುಳಿ ಸುತ್ತಿಕೊಳ್ಳುವ ಆ ಎಳೆಯ ತಂತು ಹೇಗೆ ಆಸರೆ ಹುಡುಕುತ್ತದೆ ಎಂದು ಗಂಟೆಗಟ್ಟಲೆ ನೋಡಿದರು. ಡಾರ್ವಿನ್ ಅವರ ಮಗ ಲಿಯೊನಾರ್ಡ್ 1862ರಲ್ಲಿ ಕಾಯಿಲೆ ಬಿದ್ದಾಗ, ಅವನ ಸಂಗ್ರಹಕ್ಕೆಂದು ಗ್ರೇ ಅಮೆರಿಕದ ಅಂಚೆಚೀಟಿಗಳನ್ನು ಕಳಿಸಿದರು. ಭಿನ್ನಾಭಿಪ್ರಾಯ ಇಟ್ಟುಕೊಂಡೇ ಇಷ್ಟು ಆತ್ಮೀಯರಾಗಿ ಇರಬಹುದು ಎಂಬುದು ನನಗೆ ಯಾವ ವಾದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಹಾರ್ವರ್ಡ್‌ನಲ್ಲೇ ಗ್ರೇ ಅವರ ಎದುರು ನಿಂತವರು ಲೂಯಿ ಅಗಾಸಿ, ಹಿಮನದಿಗಳ ಅಧ್ಯಯನದಲ್ಲಿ ದೊಡ್ಡ ಹೆಸರು. ಪ್ರತಿಯೊಂದು ಜಾತಿಯೂ ಅದರದರ ನೆಲದಲ್ಲೇ ಬೇರೆಬೇರೆಯಾಗಿ ಸೃಷ್ಟಿಯಾಯಿತು ಎಂಬುದು ಅವರ ಪಟ್ಟು. ಗ್ರೇ ಜಪಾನಿನ ಗಿಡಗಳನ್ನೂ ಪೂರ್ವ ಅಮೆರಿಕದ ಗಿಡಗಳನ್ನೂ ಹೋಲಿಸಿ, ನಡುವೆ ಮಹಾಸಾಗರ ಇದ್ದರೂ ಇವು ದಾಯಾದಿಗಳು ಎಂದು 1859ರಲ್ಲಿ ತೋರಿಸಿದರು. ಹಿಂದೊಮ್ಮೆ ಉತ್ತರದಲ್ಲಿ ಹಬ್ಬಿದ್ದ ಒಂದೇ ಸಸ್ಯಸಮೂಹ ಹಿಮಯುಗದಲ್ಲಿ ದಕ್ಷಿಣಕ್ಕೆ ಸರಿದು ಬೇರ್ಪಟ್ಟಿತು ಎಂದು ವಿವರಿಸಿದರು. ಅಗಾಸಿ ತಮ್ಮ ಪಟ್ಟನ್ನು ಮನುಷ್ಯರಿಗೂ ಹಚ್ಚಿ, ಮಾನವ ಜನಾಂಗಗಳು ಬೇರೆಬೇರೆ ಹುಟ್ಟಿನವು ಎಂದರು. ಗುಲಾಮಗಿರಿ ಇನ್ನೂ ಉಳಿದಿದ್ದ ನಾಡಿನಲ್ಲಿ ಆಡಿದ ಮಾತು ಅದು! ಗ್ರೇ, ಡಾರ್ವಿನ್ ಇಬ್ಬರೂ ಗುಲಾಮಗಿರಿಯ ವಿರೋಧಿಗಳು, ಮಾನವಕುಲವೆಲ್ಲ ಒಂದೇ ಮೂಲದ್ದೆಂದು ನಂಬಿದವರು. ಒಬ್ಬನಿಂದಲೇ ದೇವರು ಎಲ್ಲ ಜನಾಂಗಗಳನ್ನು ಹುಟ್ಟಿಸಿದ ಎಂದು ಸಂತ ಪೌಲನು ಗ್ರೀಸಿನ ಅಥೇನೆಯಲ್ಲಿ ಹೇಳಿದ ಮಾತನ್ನು ನಮ್ಮ ಸಭೆಗಳಲ್ಲಿ ಓದುತ್ತೇವೆ. ಓದಿದ ಮೇಲೂ ಮದುವೆಯ ಮಾತು ಬಂದಾಗ ಜಾತಿ ವಿಚಾರಿಸುತ್ತೇವೆ. ಈ ವಿಷಯದಲ್ಲಿ ವಿಕಾಸವಾದ ನಮ್ಮ ಸತ್ಯವೇದದ, ಅಂದರೆ ಬೈಬಲ್ಲಿನ ಎದುರಾಳಿಯಲ್ಲ, ಅದರ ಸಾಕ್ಷಿ. ನಾನು ಇದನ್ನು ಗಟ್ಟಿಯಾಗಿ ಹೇಳಬಯಸುತ್ತೇನೆ.

ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಸೃಷ್ಟಿಸಿದ ಎನ್ನುವ ಆದಿಕಾಂಡದ ಮಾತೇನು ಎಂದು ಕೆಲವರು ಕೇಳುತ್ತೀರಿ. ನನಗೆ ಅದು ಅಷ್ಟು ಕಷ್ಟದ ಪ್ರಶ್ನೆ ಅಲ್ಲ. ಸೂರ್ಯನೇ ನಾಲ್ಕನೆಯ ದಿನ ಬರುವ ಕಾವ್ಯದಲ್ಲಿ ಮೊದಲ ಮೂರು ದಿನಗಳನ್ನು ಗಡಿಯಾರದಿಂದ ಅಳೆಯುವುದು ಹೇಗೆ? ಡಾರ್ವಿನ್‌ಗಿಂತ ಹದಿನಾಲ್ಕು ಶತಮಾನ ಹಿಂದೆಯೇ ಉತ್ತರ ಆಫ್ರಿಕದ ಬಿಷಪ್ ಸಂತ ಅಗಸ್ಟೀನರು ಆ ದಿನಗಳನ್ನು ನಮ್ಮ ದಿನಗಳೆಂದು ತಿಳಿಯಬಾರದು ಎಂದಿದ್ದರು. ಆಕಾಶ, ಭೂಮಿಗಳ ಬಗ್ಗೆ ತಿಳಿದವರ ಮುಂದೆ ಕ್ರೈಸ್ತರು ಧರ್ಮಗ್ರಂಥದ ಹೆಸರಿನಲ್ಲಿ ತಿಳಿಯದ ಮಾತಾಡುವುದು ನಾಚಿಕೆಗೇಡು ಎಂದು ಎಚ್ಚರಿಸಿದ್ದರು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದು ಹೇಳಿದರು. ಆದಿಕಾಂಡದ ಒಂದು ಮಾತು ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಭೂಮಿಯು ಜೀವಿಗಳನ್ನು ಹುಟ್ಟಿಸಲಿ ಎನ್ನುತ್ತಾನೆ ದೇವರು. ಕೆಲಸವನ್ನು ಭೂಮಿಗೆ ಒಪ್ಪಿಸುತ್ತಾನೆ.

ಕಷ್ಟ ಇರುವುದು ಕಣಜದ ಗೂಡಿನಲ್ಲಿ. ಗ್ರೇ ಉತ್ತರ ಕೊಡಲು ಪ್ರಯತ್ನಿಸಿದರು. ತಂದೆತಾಯಿಯಿಂದ ಮಕ್ಕಳು ಚೂರುಪಾರು ಬೇರೆಯಾಗಿ ಹುಟ್ಟುತ್ತಾರೆ, ಆ ವ್ಯತ್ಯಾಸ ಏಕೆ ಉಂಟಾಗುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ದೇವರು ಆ ವ್ಯತ್ಯಾಸಗಳನ್ನು ಒಳಿತಿನ ಕಡೆಗೆ ನಡೆಸಿದ ಎಂದು ಏಕೆ ತಿಳಿಯಬಾರದು ಎಂದರು. ಇಂಥ ಲೇಖನಗಳನ್ನು ಒಟ್ಟು ಮಾಡಿ 1861ರಲ್ಲಿ ಕಿರುಹೊತ್ತಿಗೆ ತಂದಾಗ ಡಾರ್ವಿನ್ ಅದರ ಖರ್ಚಿನಲ್ಲಿ ಪಾಲು ಕೊಟ್ಟು ಹಂಚಿದರು, ಆದರೆ ವಾದವನ್ನು ಒಪ್ಪಲಿಲ್ಲ. ಮರದ ಕೆಳಗೆ ನಿಂತ ಒಬ್ಬ ಒಳ್ಳೆಯವನು ಸಿಡಿಲು ಬಡಿದು ಸತ್ತರೆ ದೇವರು ಬೇಕೆಂದೇ ಕೊಂದ ಎನ್ನುತ್ತೀರಾ? ಒಂದು ಹಕ್ಕಿ ಒಂದು ನುಸಿಯನ್ನು ಹಿಡಿದ ಆ ಕ್ಷಣವನ್ನೂ ಅವನೇ ಗೊತ್ತುಮಾಡಿದ್ದನೇ? ಹೀಗೆ ಕೇಳಿದರು.

ಇಲ್ಲಿ ನಾನು ಡಾರ್ವಿನ್ ಪರ. ಗ್ರೇ ನನಗೆ ಪ್ರಿಯರು, ಆದರೆ ತಿಳಿಯದ ಜಾಗ ಹುಡುಕಿ ಅಲ್ಲಿ ದೇವರನ್ನು ಕೂರಿಸಿದ್ದು ತಪ್ಪಾಯಿತು. ಅದೇ ವರ್ಷಗಳಲ್ಲಿ ಬ್ರನೋ ಪಟ್ಟಣದ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ಬಟಾಣಿ ಎಣಿಸುತ್ತಿದ್ದರು. ಅವರ ಪ್ರಬಂಧ 1866ರಲ್ಲಿ ಅಚ್ಚಾಯಿತು, ಲೋಕ ಅದರ ಬೆಲೆ ಅರಿತದ್ದು 1900ರಲ್ಲಿ. ಆನುವಂಶಿಕತೆಗೆ ನಿಯಮವಿದೆ ಎಂದು ಗೊತ್ತಾಯಿತು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳಿಂದ ವ್ಯತ್ಯಾಸ ಹುಟ್ಟುತ್ತದೆ ಎಂಬುದು ಆಮೇಲೆ ತಿಳಿಯಿತು. ಗ್ರೇ ದೇವರಿಗೆಂದು ಕಾದಿರಿಸಿದ ಜಾಗ ತುಂಬಿಹೋಯಿತು, ಅದಕ್ಕೆ ಅಡಿಪಾಯ ಹಾಕಿದವರು ಒಬ್ಬ ಕ್ರೈಸ್ತ ಸನ್ಯಾಸಿಯೇ. ನಮಗೆ ತಿಳಿಯದ್ದರಲ್ಲಿ ಮಾತ್ರ ಇರುವ ದೇವರು ತಿಳಿವಳಿಕೆ ಬೆಳೆದಂತೆ ಕರಗುತ್ತಾನೆ. ನಾನು ಪ್ರಾರ್ಥಿಸುವ ದೇವರು ತಿಳಿದದ್ದರಲ್ಲೂ ಇದ್ದಾನೆ. ಬಟಾಣಿಯ ಲೆಕ್ಕದಲ್ಲಿ, ಹೀರೆ ಬಳ್ಳಿಯ ತಂತುವಿನಲ್ಲಿ, ಕೋಟಿ ವರ್ಷಗಳ ತಾಳ್ಮೆಯಲ್ಲಿ.

ಹುಳುವಿನ ನೋವಿಗೆ ಇದು ಉತ್ತರವಲ್ಲ. ಶಿಲುಬೆಯ ಮೇಲೆ ನೋವುಂಡ ದೇವರನ್ನು ನಂಬಿದವನು ನಾನು. ಸೃಷ್ಟಿಯ ನರಳಾಟವನ್ನು ಅವನು ದೂರದಿಂದ ನೋಡುತ್ತಾ ನಿಂತವನಲ್ಲ ಎಂಬಷ್ಟೇ ನನ್ನ ಆಸರೆ.

1879ರಲ್ಲಿ ಒಬ್ಬರು ಡಾರ್ವಿನ್‌ಗೆ ಪತ್ರ ಬರೆದು, ದೇವರನ್ನು ನಂಬುವವನು ವಿಕಾಸವಾದವನ್ನು ಒಪ್ಪಬಹುದೇ ಎಂದು ಕೇಳಿದರು. ಅದರಲ್ಲಿ ಸಂದೇಹಪಡುವುದೇ ಅರ್ಥವಿಲ್ಲದ್ದು ಎಂದು ಡಾರ್ವಿನ್ ಉತ್ತರಿಸಿದರು. ತನ್ನ ಮಟ್ಟಿಗೆ ಅಜ್ಞೇಯವಾದಿ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂಬ ಮಾತು ಹೊಂದುತ್ತದೆ ಎಂದರು. ಆದರೆ ಉದಾಹರಣೆಗೆ ಹೆಸರಿಸಿದ ಇಬ್ಬರು ಭಕ್ತರಲ್ಲಿ ಒಬ್ಬರು ಏಸಾ ಗ್ರೇ.

ಆ ದಿನ ಹುಡುಗಿಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. "ಈ ಪ್ರಶ್ನೆಯನ್ನು ಒಬ್ಬರು ತಮ್ಮ ಸ್ನೇಹಿತರಿಗೆ ಬರೆದಿದ್ದರಮ್ಮ, ಮುಂದಿನ ವಾರ ಆ ಕಾಗದ ಓದೋಣ" ಎಂದೆ. ಮುಂದಿನ ಭಾನುವಾರ ಅವಳು ಬೆಂಕಿಪೊಟ್ಟಣದಲ್ಲಿ ಇನ್ನೊಂದು ಗೂಡನ್ನು ಜೋಪಾನವಾಗಿ ತಂದಿದ್ದಳು. ನಾವು ಬೈಬಲ್ಲನ್ನೂ ಕಾಗದವನ್ನೂ ಅದರ ಪಕ್ಕದಲ್ಲೇ ಇಟ್ಟುಕೊಂಡು ಕೂತೆವು.

ನಮಸ್ಕಾರ.