ಹಿಂದಿನವರ ಫಲಿತಾಂಶ, ಮುಂದಿನವರ ಪ್ರಮಾಣ

ಕೇಳುಗರೇ, ನಮಸ್ಕಾರ. ಅರಿವಳಿಕೆ ಮದ್ದನ್ನು ಎಷ್ಟು ಕೊಟ್ಟರೆ ನೂರಕ್ಕೆ 50 ಮಂದಿಗೆ ನೋವು ತಿಳಿಯುವುದಿಲ್ಲ? ಎಷ್ಟು ಕೊಟ್ಟರೆ 95 ಮಂದಿಗೆ? ಇದನ್ನು ಕಂಡುಕೊಳ್ಳಲು ಸಾವಿರಾರು ರೋಗಿಗಳು ಬೇಕಾಗಿಲ್ಲ. ಮುಂದಿನವರಿಗೆ ಎಷ್ಟು ಕೊಡಬೇಕೆಂಬುದನ್ನು ಹಿಂದಿನವರ ಫಲಿತಾಂಶವೇ ಹೇಳಲಿ. ಇವತ್ತು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಈ ಉಪಾಯ ಹೆಸರಾದದ್ದು ಆಸ್ಪತ್ರೆಯಲ್ಲಲ್ಲ, ಸ್ಫೋಟಕಗಳ ಪ್ರಯೋಗಾಲಯದಲ್ಲಿ. ನಮ್ಮ ಭಾಷೆಯಲ್ಲಿ ಅದೂ ಮದ್ದೇ ತಾನೆ! ಎರಡನೆಯ ಮಹಾಯುದ್ಧದ ಕಾಲ, ಅಮೆರಿಕದ ಪೆನ್ಸಿಲ್ವೇನಿಯಾದ ಬ್ರೂಸ್ಟನ್. ಚಿಟಿಕೆ ಸ್ಫೋಟಕದ ಮೇಲೆ ಗೊತ್ತಾದ ಎತ್ತರದಿಂದ ಒಂದು ಭಾರವನ್ನು ಬೀಳಿಸುತ್ತಾರೆ. ಸಿಡಿಯಿತೇ? ಮುಂದಿನ ಸಲ ಒಂದು ಮೆಟ್ಟಿಲು ಕೆಳಗಿನಿಂದ. ಸಿಡಿಯಲಿಲ್ಲವೇ? ಒಂದು ಮೆಟ್ಟಿಲು ಮೇಲಿನಿಂದ. ಸಿಡಿಯದೆ ಉಳಿದದ್ದನ್ನು ಮತ್ತೆ ಪರೀಕ್ಷೆಗೆ ಇಡುವಂತಿಲ್ಲ. ಒಮ್ಮೆ ಪೆಟ್ಟು ತಿಂದ ಮದ್ದು ಮೊದಲಿನ ಮದ್ದಲ್ಲ. ಒಂದು ಚಿಟಿಕೆಗೆ ಒಂದೇ ಉತ್ತರ: ಸಿಡಿಯಿತು ಅಥವಾ ಸಿಡಿಯಲಿಲ್ಲ. ಹಾಳೆಯ ಮೇಲೆ ಸಿಡಿದದ್ದಕ್ಕೆ ಗುಣಾಕಾರ ಚಿಹ್ನೆ, ಸಿಡಿಯದ್ದಕ್ಕೆ ಸೊನ್ನೆ. ಹತ್ತಾರು ಸಲ ಬೀಳಿಸುವಷ್ಟರಲ್ಲಿ ಆ ಗುರುತುಗಳು ಹತ್ತುತ್ತ ಇಳಿಯುತ್ತ ಒಂದೇ ಎತ್ತರದ ಸುತ್ತ ಸುಳಿದಾಡತೊಡಗುತ್ತವೆ. ಅರ್ಧಕ್ಕರ್ಧ ಸಿಡಿಯುವ ಎತ್ತರ ಅದೇ! ಎಲ್ಲವೂ ಸಿಡಿಯುವ, ಯಾವುದೂ ಸಿಡಿಯದ ಎತ್ತರಗಳಲ್ಲಿ ಮದ್ದು ದಂಡವಾಗುವುದಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಡಿಕ್ಸನ್ ಮತ್ತು ಮೂಡ್ 1948ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ನಾನು ಈ ಹಾಳೆಯ ಚಿತ್ರವನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಬರೆದು ತೋರಿಸುತ್ತೇನೆ; ನನಗೆ ಇನ್ನೂ ಬೇಸರ ಬಂದಿಲ್ಲ.

ರೋಗಿಗಳಲ್ಲೂ ಇದೇ ಏರಿಳಿತ: ಎತ್ತರದ ಜಾಗದಲ್ಲಿ ಅರಿವಳಿಕೆ ಮದ್ದಿನ ಪ್ರಮಾಣ, ಸಿಡಿಯುವುದರ ಜಾಗದಲ್ಲಿ ನೋವು ತಿಳಿಯದಿರುವುದು. ಸಮಯ ಓಡುತ್ತಿದೆ, 95ರ ಮಾತಿಗೆ ಬರುತ್ತೇನೆ. ಈ ಏರಿಳಿತ ಸುತ್ತುವುದು 50ರ ಬಳಿ. ಅಲ್ಲಿ ಕೂಡಿಸಿದ ಅಂಕಿಗಳನ್ನು ಹಿಡಿದು 95ರ ಪ್ರಮಾಣವನ್ನು ಘೋಷಿಸುವವರನ್ನು ಕಂಡಾಗ ದಯವಿಟ್ಟು ನಿಲ್ಲಿಸಿ ಎನ್ನಬೇಕೆನಿಸುತ್ತದೆ. 95 ಬೇಕಿದ್ದರೆ ನಿಯಮವನ್ನೇ ಬದಲಿಸಿ. ಮದ್ದು ಕೆಲಸ ಮಾಡದಿದ್ದರೆ ಒಂದು ಮೆಟ್ಟಿಲು ಮೇಲೆ. ಮಾಡಿದರೆ ಚೀಟಿ ಎತ್ತಿ. 19 ಚೀಟಿಗಳಲ್ಲಿ ಒಂದಕ್ಕೆ ಮಾತ್ರ ಗುರುತು ಇರಲಿ; ಅದು ಬಂದರೆ ಮಾತ್ರ ಒಂದು ಮೆಟ್ಟಿಲು ಕೆಳಗೆ, ಇಲ್ಲವಾದರೆ ಅದೇ ಪ್ರಮಾಣ. 19 ಏಕೆ? ಸರಿಯಾದ ಪ್ರಮಾಣದಲ್ಲಿ ನೂರಕ್ಕೆ 5 ಸಲ ಮೇಲೇರುತ್ತೀರಿ. 95ರಲ್ಲಿ ಹತ್ತೊಂಬತ್ತನೆಯ ಒಂದು ಪಾಲು, ಅಂದರೆ 5 ಸಲವೇ ಇಳಿಯುತ್ತೀರಿ. ತಕ್ಕಡಿ ಸಮ. ಇಲ್ಲಿಯೂ ಮುಂದಿನವರ ಪ್ರಮಾಣವನ್ನು ಹೇಳುವುದು ಹಿಂದಿನವರ ಫಲಿತಾಂಶವೇ.

ಮೆಟ್ಟಿಲುಗಳ ನಡುವೆ ಎಷ್ಟು ಅಂತರ ಇರಬೇಕೆಂಬುದನ್ನು ಮೊದಲ ರೋಗಿ ಬರುವ ಮುನ್ನವೇ ಬರೆದಿಡಿ. ಅಂತರ ತೀರಾ ಕಿರಿದಾದರೆ ಸರಿಯಾದ ಜಾಗ ಮುಟ್ಟುವಷ್ಟರಲ್ಲಿ ರೋಗಿಗಳೇ ಮುಗಿದಿರುತ್ತಾರೆ. ನಮಸ್ಕಾರ.