ಮುಟ್ಟಿದರೆ ಸುಳ್ಳು ಹೇಳುವ ಬೆಂಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ರಸಾಯನವಿಜ್ಞಾನಿ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಬೆಂಕಿಯನ್ನೇ ನೋಡುತ್ತಾ ಕೂತಿದ್ದೇನೆ. ಹೀಗೆಂದರೆ ಎದುರಿಗಿದ್ದವರು ನಗುತ್ತಾರೆ. "ಬೆಂಕಿಯಲ್ಲಿ ಸಂಶೋಧನೆ ಮಾಡೋಕೆ ಇನ್ನೇನಿದೆ ಸಾರ್, ಆದಿಮಾನವನೇ ಕಂಡುಹಿಡಿದಾಯ್ತಲ್ಲ?" ಅನ್ನುತ್ತಾರೆ. ಆದಿಮಾನವ ಬೆಂಕಿ ಹಚ್ಚುವುದನ್ನು ಕಲಿತ, ಒಪ್ಪಿದೆ. ಹಚ್ಚಿದ ಮೇಲೆ ಅದರೊಳಗೆ ಏನಾಗುತ್ತದೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ಈ ಪ್ರಶ್ನೆ ಕೇಳುವವರಿಗೂ ಗೊತ್ತಿರುವುದಿಲ್ಲ.

ಇವತ್ತು ಒಂದೇ ಒಂದು ಮಾತು ಹೇಳಿ ಹೋಗೋಣ ಅಂತ ಬಂದಿದ್ದೇನೆ. ಜ್ವಾಲೆಯನ್ನು ಮುಟ್ಟಬೇಡಿ, ನೋಡಿ. ಕೈ ಸುಡುತ್ತದೆ ಅಂತ ಹೇಳುತ್ತಿಲ್ಲ, ಅದು ಮಕ್ಕಳಿಗೂ ಗೊತ್ತು. ಮುಟ್ಟಿದರೆ ಜ್ವಾಲೆ ಸುಳ್ಳು ಹೇಳುತ್ತದೆ.

ಶಾಲೆಯಲ್ಲಿ ನಮಗೆಲ್ಲ ಏನು ಹೇಳಿಕೊಟ್ಟಿದ್ದಾರೆ? ಮೀಥೇನ್ ಅನಿಲ ಆಮ್ಲಜನಕದ ಜೊತೆ ಸೇರಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಬರುತ್ತದೆ. ಒಂದೇ ಸಾಲು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಒಂದು ಸಾಲಿನ ಹೊಟ್ಟೆಯೊಳಗೆ ದೊಡ್ಡ ಸಂತೆಯೇ ಇದೆ. ಮೀಥೇನ್ ಉರಿಯುವುದನ್ನು ಲೆಕ್ಕ ಹಾಕಲು ನಾವು ಬಳಸುವ ಒಂದು ಹೆಸರಾಂತ ಪಟ್ಟಿಯಲ್ಲಿ 53 ಬಗೆಯ ಕಣಗಳಿವೆ, 325 ಕ್ರಿಯೆಗಳಿವೆ. ಇಂಗಾಲ, ಹೈಡ್ರೋಜನ್ ಸೇರಿ ಆದ ಇಂಧನಗಳಲ್ಲಿ ಮೀಥೇನೇ ತೀರಾ ಸರಳ. ಪೆಟ್ರೋಲಿನ ಕಥೆ ಕೇಳಲೇಬೇಡಿ.

ಈ ಸಂತೆಯಲ್ಲಿ ನಿಜವಾದ ವ್ಯಾಪಾರಿಗಳು ಅರ್ಧಂಬರ್ಧ ಅಣುಗಳು. ನಾವು ಅವನ್ನು ರ್‍ಯಾಡಿಕಲ್ ಅನ್ನುತ್ತೇವೆ. ನೀವು ತುಂಟರು ಅಂದುಕೊಳ್ಳಿ. ಒಂದು ಹೈಡ್ರೋಜನ್ ಪರಮಾಣು ಹೋಗಿ ಆಮ್ಲಜನಕದ ಅಣುವಿಗೆ ಡಿಕ್ಕಿ ಹೊಡೆಯುತ್ತದೆ. ಒಳಗೆ ಹೋದ ತುಂಟ ಒಬ್ಬ, ಹೊರಗೆ ಬಂದವರು ಇಬ್ಬರು. ಒಂದು ಆಮ್ಲಜನಕದ ಪರಮಾಣು, ಇನ್ನೊಂದು ಓಎಚ್, ಅಂದರೆ ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಪರಮಾಣುಗಳ ಜೋಡಿ. ಆ ಇಬ್ಬರೂ ಮತ್ತೆ ಡಿಕ್ಕಿ ಹೊಡೆಯಲು ಹೊರಡುತ್ತಾರೆ. ಹೀಗೆ ಬೆಳೆಯುತ್ತಾ ಹೋಗುವುದೇ ಬೆಂಕಿ. ಇಂಥ ಸರಪಳಿ ಕ್ರಿಯೆಗಳನ್ನು ಬಿಡಿಸಿ ತೋರಿಸಿದ್ದಕ್ಕೆ ವಿಜ್ಞಾನಿಗಳಾದ ಸೆಮೆನೋವ್ ಮತ್ತು ಹಿನ್ಷೆಲ್‌ವುಡ್ ಅವರಿಗೆ 1956ರಲ್ಲಿ ನೊಬೆಲ್ ಬಂತು.

ಈ ತುಂಟರನ್ನು ಹಿಡಿಯಲು ಜ್ವಾಲೆಯೊಳಗೆ ಕೊಳವೆ ತೂರಿಸಿದರೆ, ಕೊಳವೆಯ ಗೋಡೆಗೆ ತಗುಲಿದ ತಕ್ಷಣ ಅವು ಜೋಡಿಯಾಗಿ ಸುಮ್ಮನಾಗಿಬಿಡುತ್ತವೆ. ಕೈಗೆ ಬರುವುದು ತುಂಟರಲ್ಲ, ಅವರ ಬೂದಿ. ಅದಕ್ಕೇ ಹೇಳಿದ್ದು, ಮುಟ್ಟಬೇಡಿ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಅವಮಾನವಾಗಿ ಕಲಿತೆ. ಸಂಶೋಧನೆಗೆ ಸೇರಿದ ಮೊದಲ ವರ್ಷ. ಮೇಷ್ಟ್ರು ನನಗೊಂದು ಚಪ್ಪಟೆ ಬರ್ನರ್ ಕೊಟ್ಟಿದ್ದರು. ಮೇಲೆ ನೀಲಿ ಹಾಳೆ ಹಾಸಿದ ಹಾಗೆ ಜ್ವಾಲೆ ನಿಲ್ಲುತ್ತಿತ್ತು. ಎಷ್ಟು ಚೆಂದ ಅಂದರೆ, ಊಟಕ್ಕೆ ಹೋಗುವಾಗ ಆರಿಸಲು ಮನಸ್ಸಾಗುತ್ತಿರಲಿಲ್ಲ. ಆ ಜ್ವಾಲೆ ಎಷ್ಟು ಬಿಸಿ ಅಂತ ಅಳೆಯುವುದು ನನ್ನ ಕೆಲಸ. ಥರ್ಮೋಕಪಲ್ ತಗೊಂಡೆ. ಎರಡು ತಂತಿಗಳ ತುದಿ ಬೆಸೆದಿರುತ್ತಾರೆ, ಒಂದು ಪ್ಲಾಟಿನಂ, ಇನ್ನೊಂದು ಪ್ಲಾಟಿನಂ ರೋಡಿಯಂ ಮಿಶ್ರಲೋಹ. ಬಿಸಿಗಿಟ್ಟರೆ ಸಣ್ಣ ವೋಲ್ಟೇಜ್ ಬರುತ್ತದೆ, ಅದರಿಂದ ಉಷ್ಣತೆ ಗೊತ್ತಾಗುತ್ತದೆ.

ಆರು ವಾರ ಅಳೆದೆ. ಮಿಲಿಮೀಟರ್ ಮಿಲಿಮೀಟರ್ ಆಗಿ ಮೇಲೆ ಕೆಳಗೆ ಸರಿಸಿ ಅಳೆದೆ. ಅಂಕಿಗಳು ಒಂದಿಷ್ಟೂ ಅಲುಗಾಡಲಿಲ್ಲ. ಇವತ್ತು ಬಂದದ್ದೇ ನಾಳೆ ಬಂತು, ನಾಳಿದ್ದೂ ಬಂತು. ಗ್ರಾಫ್ ಹಾಳೆಯ ಮೇಲೆ ನುಣುಪಾದ ಗೆರೆ ಎಳೆದು, ಬಣ್ಣದ ಪೆನ್ಸಿಲ್‌ನಲ್ಲಿ ತಿದ್ದಿ, ಹೆಮ್ಮೆಯಿಂದ ಮೇಷ್ಟ್ರ ಮುಂದಿಟ್ಟೆ.

ಅವರು ಗ್ರಾಫ್ ನೋಡಲೇ ಇಲ್ಲ. "ಇನ್ನೊಂದು ತಂತಿ ಇದೆಯೇನಪ್ಪಾ, ಸ್ವಲ್ಪ ದಪ್ಪದ್ದು?" ಅಂದರು. ಇತ್ತು. ಅದೇ ಜ್ವಾಲೆ, ಅದೇ ಜಾಗ, ದಪ್ಪ ತಂತಿ ಇಟ್ಟೆ. ಮೊದಲಿನದ್ದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸಿತು. ನಾನು ಮೀಟರ್ ಕೆಟ್ಟಿದೆ ಅಂದುಕೊಂಡೆ, ಬೇರೆ ಮೀಟರ್ ತಂದೆ. ಅಷ್ಟೇ ಬಂತು. ವೈರುಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟೇ ಬಂತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು ನೋಡುತ್ತಿದ್ದರು. ಕೊನೆಗೆ, "ಒಬ್ಬನೇ ರೋಗಿಗೆ ಒಂದೇ ಹೊತ್ತಿನಲ್ಲಿ ಎರಡು ಜ್ವರ ಇರುತ್ತದೇನೋ?" ಅಂದರು.

ಆಮೇಲೆ ಕೋಣೆಯ ದೀಪ ಆರಿಸಿದರು. ಕತ್ತಲಲ್ಲಿ ನೋಡಿದರೆ ನನ್ನ ತಂತಿ ಬೆಳ್ಳಗೆ ಉರಿಯುತ್ತಿತ್ತು. "ಅದು ಹೊಳೆಯುತ್ತಾ ಇದೆ. ಹೊಳೆಯೋದು ಅಂದರೆ ಶಾಖ ಚೆಲ್ಲೋದು. ಚೆಲ್ಲುತ್ತಾ ಇರುವವನು ತುಂಬಿಕೊಳ್ಳೋದು ಹೇಗೆ? ನೀನು ಆರು ವಾರ ಅಳೆದದ್ದು ತಂತಿಯ ಉಷ್ಣತೆ, ಜ್ವಾಲೆಯದ್ದಲ್ಲ." ಇನ್ನೂ ಹತ್ತಿರ ಬಾಗಿ ನೋಡು ಅಂದರು. ತಂತಿ ಇದ್ದ ಕಡೆ ನೀಲಿ ಹಾಳೆ ಕುಳಿ ಬಿದ್ದಿತ್ತು. ಆ ಜ್ವಾಲೆಯಲ್ಲಿ ಕೆಲಸ ನಡೆಯುವ ಪದರದ ದಪ್ಪ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಅದರೊಳಗೆ ನಾನು ತಂತಿ ಇಟ್ಟದ್ದು, ಗೊಂಬೆ ಮನೆಯೊಳಗೆ ಆನೆ ಬಿಟ್ಟ ಹಾಗೆ. ಸಾಲದ್ದಕ್ಕೆ ಪ್ಲಾಟಿನಂ ಸುಮ್ನೆ ಕೂರುವ ಲೋಹ ಅಲ್ಲ. ತನ್ನ ಮೈಮೇಲೆ ಬಂದ ತುಂಟರನ್ನು ಜೋಡಿ ಮಾಡಿ, ಆ ಶಾಖವನ್ನು ತಾನೇ ನುಂಗುತ್ತದೆ. ಒಂದು ತಪ್ಪು, ಅಂಕಿಯನ್ನು ಕೆಳಗೆ ಎಳೆಯಿತು, ಇನ್ನೊಂದು ಮೇಲೆ ತಳ್ಳಿತು. ನನ್ನ ನುಣುಪು ಗೆರೆ ಈ ಎರಡು ಸುಳ್ಳುಗಳ ರಾಜಿ, ಅಷ್ಟೇ. ಇದಕ್ಕೆಲ್ಲ ಲೆಕ್ಕ ಹಾಕಿ ತಿದ್ದುವ ದಾರಿಗಳಿವೆ, ಅದು ಬೇರೆ ಮಾತು. ಆದರೆ ಆವತ್ತೇ ನಾನು ತಂತಿ ಕೆಳಗಿಟ್ಟೆ.

ಹಾಗಾದರೆ ಮುಟ್ಟದೆ ತಿಳಿಯುವುದು ಹೇಗೆ? ಬೆಳಕಿನಿಂದ. ಇದು ಹಳೆಯ ವಿದ್ಯೆ. 1860ರ ಹೊತ್ತಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಅನ್ನುವ ವಿಜ್ಞಾನಿಗಳು ಜ್ವಾಲೆಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ನೋಡುತ್ತಿದ್ದರು. ಒಮ್ಮೆ ಕೋಣೆಯ ಆ ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಲವಣವನ್ನು ಸಿಡಿಸಿದರು. ಈ ಮೂಲೆಯಲ್ಲಿ ಜ್ವಾಲೆ ಉರಿಯುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಅದು ಹಳದಿಯಾಯಿತು. ಗಾಳಿಯಲ್ಲಿ ತೇಲಿ ಬಂದ ಅಷ್ಟು ಅಲ್ಪ ಸೋಡಿಯಂ ಅನ್ನು ಯಾವ ತಕ್ಕಡಿಯೂ ಹಿಡಿಯುತ್ತಿರಲಿಲ್ಲ. ಜ್ವಾಲೆ ಹಿಡಿಯಿತು. ಇದೇ ದಾರಿಯಲ್ಲಿ ಅವರು ಸೀಸಿಯಂ, ರುಬಿಡಿಯಂ ಅನ್ನುವ ಎರಡು ಹೊಸ ಮೂಲವಸ್ತುಗಳನ್ನೇ ಕಂಡುಹಿಡಿದರು. ನೋಡಿ, ಮುಟ್ಟಲಿಲ್ಲ, ನೋಡಿದರು ಅಷ್ಟೇ.

ನಮ್ಮ ಕಾಲಕ್ಕೆ ಲೇಸರ್ ಬಂತು. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು, ಸುಮಾರು 283 ನ್ಯಾನೋಮೀಟರ್ ತರಂಗಾಂತರದ್ದು, ಕಾಗದದ ಹಾಳೆಯಷ್ಟು ತೆಳ್ಳಗೆ ಹರಡಿ ಜ್ವಾಲೆಯೊಳಗೆ ಹಾಯಿಸುತ್ತೇವೆ. ಓಎಚ್ ಇದ್ದರೆ ಅದನ್ನು ಹೀರಿಕೊಂಡು, 308ರ ಆಸುಪಾಸಿನಲ್ಲಿ ತನ್ನದೇ ಬೆಳಕು ಚೆಲ್ಲುತ್ತದೆ. ಅದನ್ನು ಕ್ಯಾಮೆರಾ ಹಿಡಿಯುತ್ತದೆ. ಲೇಸರ್ ಮಿಂಚುವುದು ಸೆಕೆಂಡಿನ ಹತ್ತು ಕೋಟಿಯ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಜ್ವಾಲೆ ಅಲುಗಾಡಲು ಸಮಯವೇ ಇಲ್ಲ. ಕಣ್ಣಿಗೆ ಸುಮ್ನೆ ನಡುಗುವ ಹಾಗೆ ಕಾಣುವ ಜ್ವಾಲೆ, ಚಿತ್ರದಲ್ಲಿ ನೋಡಿದರೆ ಹರಿದು, ಮುದುಡಿ, ಮಡಚಿಕೊಂಡಿರುತ್ತದೆ. ಉಷ್ಣತೆಯೂ ಇದರಲ್ಲೇ ಸಿಗುತ್ತದೆ. ಓಎಚ್ ಎಷ್ಟು ಜೋರಾಗಿ ಗಿರಗಿರ ತಿರುಗುತ್ತಿದೆ ಅನ್ನುವುದು ಅದರ ಬೆಳಕಿನ ಗೆರೆಗಳಲ್ಲಿ ಕಾಣುತ್ತದೆ. ಜೋರಾಗಿ ತಿರುಗಿದಷ್ಟೂ ಬಿಸಿ ಜಾಸ್ತಿ. ತಂತಿ ಬೇಡ, ದಪ್ಪ ಸಣ್ಣ ಅನ್ನುವ ಜಗಳವೂ ಬೇಡ.

ಸ್ಟುಡಿಯೋ ಗಾಜಿನ ಆಚೆಯಿಂದ, ಸಮಯವಾಯಿತು ಅಂತ ಕೈಸನ್ನೆ ಬರುತ್ತಿದೆ. ನೈಟ್ರೋಜನ್ ಆಕ್ಸೈಡ್ ಅನ್ನುವ ಗಾಳಿ ಕೆಡಿಸುವ ಅನಿಲದ ಬಗ್ಗೆ ಹೇಳಬೇಕಿತ್ತು. ಜ್ವಾಲೆ ತೀರಾ ಬಿಸಿಯಾದರೆ ಗಾಳಿಯ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ಈ ಅನಿಲವಾಗಲು ಶುರುವಾಗುತ್ತದೆ, ಅದಕ್ಕೇ ಎಂಜಿನ್ ಮಾಡುವವರು ನಮ್ಮ ಹತ್ತಿರ ಬರುತ್ತಾರೆ. ಇವತ್ತಿಗೆ ಅಷ್ಟು ಸಾಕು.

ನಿಮ್ಮ ಹತ್ತಿರ ಲೇಸರ್ ಇಲ್ಲ, ಗೊತ್ತು. ಕಣ್ಣಿದೆಯಲ್ವಾ? ಇವತ್ತು ರಾತ್ರಿ ದೀಪ ಆರಿಸಿ ಗ್ಯಾಸ್ ಒಲೆ ಹಚ್ಚಿ ನೋಡಿ. ಒಳಗಿನ ಪುಟ್ಟ ಶಂಕುವಿನ ನೇರಳೆ ನೀಲಿ, ಸಿಎಚ್ ಅನ್ನುವ, ಇಂಗಾಲ ಹೈಡ್ರೋಜನ್ ಜೋಡಿಯ ತುಂಟನದ್ದು. ಅದರಲ್ಲಿ ಚೂರು ಹಸಿರು ಬೆರೆತಿದ್ದರೆ ಅದು ಎರಡು ಇಂಗಾಲದ ಜೋಡಿ. ಏನಾದರೂ ಉಕ್ಕಿದಾಗ ಚಟ್ ಅಂತ ಮಿಂಚಿ ಮಾಯವಾಗುವ ಹಳದಿ ಸೋಡಿಯಂನದ್ದು, ಹೆದರಬೇಡಿ. ಆದರೆ ಜ್ವಾಲೆಯ ತುದಿಯಲ್ಲಿ ಹಳದಿ ಹೋಗದೆ ನಿಂತುಬಿಟ್ಟರೆ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ, ಅದು ಕಾದ ಮಸಿ. ಗಾಳಿ ಸಾಲುತ್ತಿಲ್ಲ. ಇಂಥ ಜ್ವಾಲೆ ಕಾರ್ಬನ್ ಮಾನಾಕ್ಸೈಡ್ ಕೂಡ ಬಿಡಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಲೆ ಆರಿಸಿ, ತಣ್ಣಗಾದ ಮೇಲೆ ಬರ್ನರ್ ಸ್ವಚ್ಛ ಮಾಡಿಸಿ. ಆಗ ಮಾತ್ರ ಮುಟ್ಟಬಹುದು.

ನಮಸ್ಕಾರ.